ಕಂಡ ವ್ಯತ್ಯಾಸ ನಿಜವೇ? ತಿಳಿಯುವುದು ಹೇಗೆ?



"ಮೂವತ್ತು ವರ್ಷದಿಂದ ಔಷಧಿ ಹೊಡೀತಿದ್ದೀನಿ, ನನಗೇನೂ ಆಗಿಲ್ಲ" ಎಂಬ ಮಾತು ಸೂಲಿಬೆಲೆ ಸುತ್ತಿನ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. "ಅದೇ ಔಷಧಿಯಿಂದ ನಮ್ಮಣ್ಣ ಹಾಸಿಗೆ ಹಿಡಿದ" ಎನ್ನುವವರೂ ಇದ್ದಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿರಬಹುದು. ಆದರೆ ಒಂದೇ ತೆನೆ ನೋಡಿ ರಾಗಿ ತಳಿಯ ಇಳುವರಿ ಹೇಳಲಾದೀತೆ?

ಎರಡು ತಳಿಗಳನ್ನು ಹೋಲಿಸುವಾಗ ಒಂದನ್ನು ಕೆರೆಯ ಕೆಳಗೂ ಇನ್ನೊಂದನ್ನು ದಿಣ್ಣೆಯ ಮೇಲೂ ಬಿತ್ತುವುದಿಲ್ಲ. ಒಂದೇ ಬಗೆಯ ಮಣ್ಣಿನಲ್ಲಿ ಹಲವು ಮಡಿ ಮಾಡಿ, ಯಾವ ಮಡಿಗೆ ಯಾವ ತಳಿ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. ಒಂದೇ ತಳಿಯ ಮಡಿಗಳಲ್ಲೂ ಇಳುವರಿ ಹೆಚ್ಚುಕಡಿಮೆ ಆಗುತ್ತದೆ. ತಳಿಗಳ ನಡುವಿನ ಅಂತರ ಈ ಏರುಪೇರನ್ನು ಮೀರಬೇಕು. ನಿಜವಾದ ಅಂತರವಿಲ್ಲದೆ ಬರೀ ಆಕಸ್ಮಿಕವಾಗಿ ಅಷ್ಟು ವ್ಯತ್ಯಾಸ ಕಾಣುವ ಸಂಭವ 100ಕ್ಕೆ 5ಕ್ಕಿಂತ ಕಡಿಮೆಯಿದ್ದರೆ ಅದನ್ನು 'ಗಣನೀಯ ವ್ಯತ್ಯಾಸ' ಎನ್ನುವುದು ಸಂಶೋಧಕರ ರೂಢಿ.

ಜನರ ಆರೋಗ್ಯಕ್ಕೂ ಇದೇ ಅಳತೆಗೋಲು. ಆದರೆ ಮನುಷ್ಯರಿಗೆ ಚೀಟಿ ಎತ್ತಿ ವಿಷ ಕೊಡಲಾಗದು. ವಿಷ ತಗುಲಿದವರನ್ನು, ಉಳಿದೆಲ್ಲದರಲ್ಲೂ ಅವರಂತೆಯೇ ಇರುವ ವಿಷ ತಗುಲದವರೊಂದಿಗೆ ಹೋಲಿಸಬೇಕು.

ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ಆದದ್ದು ಇದೇ. ಅಲ್ಲಿನ ಗೇರುತೋಟಗಳಿಗೆ 20 ವರ್ಷಕ್ಕೂ ಮೇಲ್ಪಟ್ಟು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಊರಿನಲ್ಲಿ ಕಾಯಿಲೆಗಳು ಹೆಚ್ಚಿರುವುದನ್ನು ಸ್ಥಳೀಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಗಮನಕ್ಕೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ತೋಟದ ತಪ್ಪಲಿನ 117 ಶಾಲಾ ಹುಡುಗರನ್ನು ಸಿಂಪರಣೆ ಇಲ್ಲದ ಕಡೆಯ 90 ಹುಡುಗರೊಂದಿಗೆ ಹೋಲಿಸಿದರು. ಎಲ್ಲರೂ 10ರಿಂದ 19 ವರ್ಷದವರು. ವರದಿ 2003ರಲ್ಲಿ ಪ್ರಕಟವಾಯಿತು. ತಪ್ಪಲಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಪ್ರಮಾಣ ನೂರು ಕೋಟಿ ಭಾಗಕ್ಕೆ 7.47, ಉಳಿದವರಲ್ಲಿ 1.37. ವಯಸ್ಸಿನ ಲೆಕ್ಕ ಹಿಡಿದು ನೋಡಿದರೂ ಸಿಂಪರಣೆಗೆ ಸಿಕ್ಕ ಹುಡುಗರು ಪ್ರೌಢರಾಗುವುದು ತಡವಾಗಿತ್ತು. ಪರೀಕ್ಷಿಸಿದವರ ಸಂಖ್ಯೆ ಚಿಕ್ಕದೆಂದು ತಜ್ಞರೇ ಒಪ್ಪಿಕೊಂಡರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಹಿಡಿಯಿತು.

ಇಲ್ಲೊಂದು ಮಾತು ನೆನಪಿಡಿ. ನಾಲ್ಕಾರು ಜನರಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದರೆ ಔಷಧಿ ನಿರಪಾಯ ಎಂದರ್ಥವಲ್ಲ. ನೋಡಿದ ಜನ ಸಾಲದೆಯೂ ಇರಬಹುದು.

ನೀವು ಮಾಡಬೇಕಾದದ್ದು ಇಷ್ಟು. ಔಷಧಿಯ ಹೆಸರು, ಹೊಡೆದ ದಿನ, ಎಷ್ಟು ಹೊತ್ತು, ಆಮೇಲೆ ಕಂಡ ತಲೆಸುತ್ತು, ವಾಂತಿ, ಕಣ್ಣುರಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಏನೂ ಆಗದ ದಿನವನ್ನೂ ಬರೆಯಿರಿ. ಔಷಧಿ ಹೊಡೆಯದ ಸಮವಯಸ್ಕರ ವಿವರವೂ ಜೊತೆಗಿರಲಿ. ತೊಂದರೆ ಕಂಡರೆ ತಡಮಾಡದೆ ಔಷಧಿಯ ಡಬ್ಬಿಯ ಚೀಟಿ ಹಾಗೂ ಪುಸ್ತಕದೊಡನೆ ವೈದ್ಯರನ್ನು ಕಾಣಿರಿ. ಕೈಗವಸು, ಮುಖಕ್ಕೆ ಬಟ್ಟೆ, ಗಾಳಿಗೆ ಬೆನ್ನು, ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ: ಇವುಗಳಿಗೆ ಯಾವ ವರದಿಗೂ ಕಾಯಬೇಕಾಗಿಲ್ಲ.