ರೀಸ್ಟಾರ್ಟ್ ಮಾಡದೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬಹುದೇ?

“ಈ ಲಿಂಕ್ ಒತ್ತಿ, ಫೋನ್ ಆಫ್ ಮಾಡದೆಯೇ ಹೊಸ ಆಂಡ್ರಾಯ್ಡ್ ಪಡೆಯಿರಿ”, “ಒಂದೇ ಕ್ಲಿಕ್‌ನಲ್ಲಿ ಹೊಸ ವಿಂಡೋಸ್, ರೀಸ್ಟಾರ್ಟ್ ಬೇಕಿಲ್ಲ” ಎಂಬ ಧಾಟಿಯ ಸಂದೇಶಗಳು ನಿಮಗೂ ಬಂದಿರಬಹುದು. ಪೂರ್ತಿ ಸುಳ್ಳು ಎಂದು ತಳ್ಳಿಹಾಕುವಂತಿಲ್ಲ, ಇದರಲ್ಲಿ ಅರ್ಧ ಸತ್ಯವಿದೆ. ತೊಂದರೆ ಇರುವುದು ಉಳಿದ ಅರ್ಧದಲ್ಲಿ.

ಇನ್‌ಸ್ಟಾಲ್ ಮಾಡುವುದು ಎಂದರೆ ಬಹುಮಟ್ಟಿಗೆ ಫೈಲ್‌ಗಳನ್ನು ಡಿಸ್ಕ್‌ಗೆ ಬರೆಯುವುದು. ಇದಕ್ಕೆ ಕಂಪ್ಯೂಟರ್ ನಿಲ್ಲಿಸಬೇಕಿಲ್ಲ. ವಿಂಡೋಸ್ ಓಡುತ್ತಿರುವಾಗಲೇ ಡಿಸ್ಕ್‌ನ ಇನ್ನೊಂದು ಭಾಗಕ್ಕೆ ಲಿನಕ್ಸ್ ಬರೆಯಬಹುದು. ಪೆನ್‌ಡ್ರೈವ್‌ನಿಂದ ಉಬುಂಟು ಶುರು ಮಾಡಿದವರಂತೂ ಒಂದು ಕಡೆ ಇನ್‌ಸ್ಟಾಲ್ ಆಗುತ್ತಿರುವಾಗ ಇನ್ನೊಂದು ಕಡೆ ಬ್ರೌಸರ್ ತೆರೆದು ಸುದ್ದಿ ಓದುತ್ತಾ ಕೂರಬಹುದು.

ಆದರೆ ಹೊಸ ವ್ಯವಸ್ಥೆ ಇನ್ನೂ ಓಡುತ್ತಿಲ್ಲ, ಡಿಸ್ಕ್‌ನಲ್ಲಿ ಸುಮ್ಮನೆ ಕುಳಿತಿದೆ. ಓಡುತ್ತಿರುವುದು, ನೀವು ಕಂಪ್ಯೂಟರ್ ಆನ್ ಮಾಡಿದಾಗ ಮೆಮೊರಿಗೆ ಬಂದು ಕೂತ ಹಳೆಯದು. ಅದರ ತಿರುಳಾದ ಕರ್ನಲ್ ಎಂಬ ಪ್ರೋಗ್ರಾಂ ಪರದೆ, ಕೀಬೋರ್ಡ್, ವೈ-ಫೈ, ತೆರೆದಿರುವ ಪ್ರತಿಯೊಂದು ಆ್ಯಪ್ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡಿರುತ್ತದೆ. ಪಕ್ಕದ ಸೈಟಿನಲ್ಲಿ ಹೊಸ ಮನೆ ಕಟ್ಟಿ ಮುಗಿಸಿದರೂ ಹಾಲುಕ್ಕಿಸಿ ಸಾಮಾನು ಸಾಗಿಸುವವರೆಗೆ ವಾಸ ಹಳೆ ಮನೆಯಲ್ಲೇ ತಾನೆ? ರೀಬೂಟ್ ಎಂದರೆ ಆ ಗೃಹಪ್ರವೇಶ.

ಇದನ್ನು ತಪ್ಪಿಸಲು ಎಂಜಿನಿಯರ್‌ಗಳು ಪ್ರಯತ್ನಿಸಿಲ್ಲವೇ? ಖಂಡಿತ ಪ್ರಯತ್ನಿಸಿದ್ದಾರೆ. ಲಿನಕ್ಸ್‌ನಲ್ಲಿ 2005ರಿಂದ ‘ಕೆಎಕ್ಸೆಕ್’ ಎಂಬ ಸೌಲಭ್ಯವಿದೆ. ಓಡುತ್ತಿರುವ ಕರ್ನಲ್ ಹೊಸ ಕರ್ನಲ್ಲನ್ನು ತಾನೇ ಮೆಮೊರಿಗೆ ತಂದು, ಅಧಿಕಾರ ಒಪ್ಪಿಸಿ ಹೊರಟುಹೋಗುತ್ತದೆ. ದೊಡ್ಡ ಸರ್ವರ್‌ಗಳು ಆನ್ ಆಗುವಾಗ ಯಂತ್ರದ ಭಾಗಗಳನ್ನು ತಪಾಸಣೆ ಮಾಡಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ, ಆ ಸಮಯ ಉಳಿಯುತ್ತದೆ. ಆದರೆ ತೆರೆದಿದ್ದ ಪ್ರೋಗ್ರಾಂಗಳೆಲ್ಲ ಮುಚ್ಚಿಯೇ ಹೋಗುತ್ತವೆ. ನಮ್ಮ ಲೆಕ್ಕದಲ್ಲಿ ಇದೂ ರೀಬೂಟೇ, ಅಡ್ಡದಾರಿಯ ರೀಬೂಟ್.

ನಿಜಕ್ಕೂ ಏನನ್ನೂ ನಿಲ್ಲಿಸದೆ ನಡೆಯುವುದು ಲೈವ್ ಪ್ಯಾಚಿಂಗ್. 2015ರಲ್ಲಿ ಬಂದ ಲಿನಕ್ಸ್ 4.0ರಲ್ಲಿ ಇದಕ್ಕೆ ಅಡಿಪಾಯ ಬಿತ್ತು. ಕರ್ನಲ್‌ನ ಒಂದು ತುಣುಕಿನಲ್ಲಿ ದೋಷವಿದ್ದರೆ, ಸರಿಪಡಿಸಿದ ತುಣುಕನ್ನು ಮೆಮೊರಿಯಲ್ಲಿ ಇನ್ನೊಂದೆಡೆ ಇಟ್ಟು, ಹಳೆಯದರ ಬಾಗಿಲಲ್ಲೇ ‘ಆ ಕಡೆ ಹೋಗಿ’ ಎಂದು ಫಲಕ ಹಾಕಿದಂತೆ. ಸಣ್ಣ ಭದ್ರತಾ ದೋಷಗಳಿಗೆ ಇದು ಸಾಕು, ಇಡೀ ಮನೆ ಬದಲಿಸಲು ಸಾಲದು. ವಿಂಡೋಸ್‌ನಲ್ಲೂ ಸಂಸ್ಥೆಗಳಿಗೆಂದು ಇಂಥದೇ ‘ಹಾಟ್‌ಪ್ಯಾಚ್’ ಇದೆ. ಅಲ್ಲೂ ಮೂರು ತಿಂಗಳಿಗೊಮ್ಮೆ ರೀಸ್ಟಾರ್ಟ್ ತಪ್ಪಿದ್ದಲ್ಲ.

ನಿಮ್ಮ ಫೋನಿನ ಕಥೆ ಏನು? 2016ರ ಆಂಡ್ರಾಯ್ಡ್ 7ರೊಂದಿಗೆ ಗೂಗಲ್ ಒಂದು ಜಾಣ ಉಪಾಯ ತಂದಿತು. ಈ ವ್ಯವಸ್ಥೆ ಇರುವ ಫೋನ್‌ಗಳಲ್ಲಿ ಸಿಸ್ಟಮ್‌ಗೆ ಎರಡು ಜಾಗಗಳಿರುತ್ತವೆ. ನೀವು ಒಂದರಲ್ಲಿ ರೀಲ್ಸ್ ನೋಡುತ್ತಿರುವಾಗ ಇನ್ನೊಂದರಲ್ಲಿ ಅಪ್‌ಡೇಟ್ ಸದ್ದಿಲ್ಲದೆ ಕೂರುತ್ತದೆ. ಹೊಸದು ಶುರುವಾಗದಿದ್ದರೆ ಫೋನ್ ಹಳೆಯದಕ್ಕೇ ಮರಳುತ್ತದೆ. ಕೊನೆಗೆ ಕೇಳುವುದು ಒಂದೇ ಒಂದು ರೀಸ್ಟಾರ್ಟ್.

ಅಲ್ಲೇ ನಾವು ಎಡವುವುದು. ‘ನಂತರ ನೆನಪಿಸು’ ಒತ್ತುವವರಲ್ಲಿ ನಾವೂ ಇದ್ದೇವೆ! ಆದರೆ ಒತ್ತಿದಷ್ಟು ದಿನವೂ ಓಡುತ್ತಿರುವುದು ದೋಷವಿರುವ ಹಳೆಯ ಸಿಸ್ಟಮ್ಮೇ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾದವು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ ಬಿಡುಗಡೆ ಮಾಡಿತ್ತು. ಪೆಟ್ಟು ತಿಂದದ್ದು ಆ ಪ್ಯಾಚ್ ಇಲ್ಲದ ಯಂತ್ರಗಳು.

“ನಾನು ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಲ್ಲ” ಎನ್ನುವವರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ಕರ್ನಲ್‌ನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಬೆಳಿಗ್ಗೆ ಹಾಗೇ ಎದ್ದು ಬರುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ‘ರೀಸ್ಟಾರ್ಟ್’ ಅನ್ನೇ ಒತ್ತಬೇಕು.

ಇನ್ನು ಆ ಫಾರ್ವರ್ಡ್ ಲಿಂಕ್. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ ಒಂದು ಆ್ಯಪ್ ಅಷ್ಟೇ, ಅದು ಆಂಡ್ರಾಯ್ಡನ್ನೇ ಬದಲಿಸಲಾರದು. ಆದರೆ ಅನುಮತಿ ಕೊಟ್ಟರೆ ನಿಮ್ಮ ಎಸ್ಸೆಮ್ಮೆಸ್ ಓದಬಲ್ಲದು, ಬ್ಯಾಂಕಿನ ಒಟಿಪಿಯನ್ನೂ. ಅಸಲಿ ಅಪ್‌ಡೇಟ್ ಬರುವುದು ಫೋನಿನ ಸೆಟ್ಟಿಂಗ್ಸ್ ಒಳಗಿನಿಂದ. ಅಲ್ಲೇ ‘ಸೆಕ್ಯುರಿಟಿ ಅಪ್‌ಡೇಟ್’ ಎಂಬಲ್ಲಿ ಒಂದು ದಿನಾಂಕವಿರುತ್ತದೆ. ಅಪ್‌ಡೇಟ್ ಡೌನ್‌ಲೋಡ್ ಆದ ಮೇಲೆ ಒಮ್ಮೆ, ರೀಸ್ಟಾರ್ಟ್ ಆದ ಮೇಲೆ ಇನ್ನೊಮ್ಮೆ ನೋಡಿ. ಎರಡನೇ ಸಲವಷ್ಟೇ ಅದು ಬದಲಾಗಿರುತ್ತದೆ.