ಚೀಲದ ಹಿಂಬದಿ

ನಾಯಿ ತಿನ್ನುವ ಸರಕನ್ನು ನಾಯಿ ಕೊಳ್ಳುವುದಿಲ್ಲ. ತಿನ್ನುವವರೊಬ್ಬರು, ದುಡ್ಡು ಕೊಡುವವರೊಬ್ಬರು ಆದಾಗ ಚೀಲದ ಮುಂಬದಿಯ ಚಿತ್ರ ಯಾರಿಗಾಗಿ ಎನ್ನುವುದು ಗುಟ್ಟೇನಲ್ಲ. ಹುರಿದ ಕೋಳಿಕಾಲು, ಹೊಳೆಯುವ ಕ್ಯಾರೆಟ್, ಹಸಿರು ಬಟಾಣಿ, ಮೂಲೆಯಲ್ಲೊಂದು ತೋಳದ ಮುಖ, ಇದೆಲ್ಲ ನಮ್ಮ ಕಣ್ಣಿಗೆ. ನಾಯಿಯ ನಾಲಿಗೆಯಲ್ಲಿರುವ ರುಚಿಮೊಗ್ಗುಗಳು ಸುಮಾರು 1,700. ನಮ್ಮಲ್ಲಿ ಸುಮಾರು 9,000. ಅದು ಊಟ ಆರಿಸುವುದು ಮೂಗಿನಿಂದ. ಕಾರ್ಖಾನೆಯವರಿಗೂ ಇದು ಗೊತ್ತು. ಹಾಗಾಗಿ ಒಣ ಕಾಳುಗಳು ತಯಾರಾದ ಮೇಲೆ ಕೊಬ್ಬನ್ನೂ, ಕಿಣ್ವಗಳಿಂದ ಕರಗಿಸಿದ ಲಿವರ್‌ನಂಥ ಘಮದ ದ್ರವವನ್ನೂ ಮೇಲಿಂದ ಸಿಂಪಡಿಸುತ್ತಾರೆ. ‘ನಮ್ಮ ರಾಜ ಇದು ಬಿಟ್ರೆ ಬೇರೆ ಮುಟ್ಟಲ್ಲ ಸಾರ್’ ಎಂಬ ಹೊಗಳಿಕೆ ಸಲ್ಲಬೇಕಾದದ್ದು ಆ ಸಿಂಪರಣೆಗೆ. ಒಳಗಿನ ಪೋಷಣೆಯ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಅಮೆರಿಕದ ಜೇಮ್ಸ್ ಸ್ಪ್ರಾಟ್ 1860ರ ಸುಮಾರಿಗೆ ಲಂಡನ್ನಿನಲ್ಲಿ ನಾಯಿ ಬಿಸ್ಕತ್ತು ಮಾರಲು ಹೊರಟಾಗಲೂ ಅವನು ಮೆಚ್ಚಿಸಬೇಕಾಗಿದ್ದದ್ದು ಬೇಟೆನಾಯಿ ಸಾಕಿದ ಇಂಗ್ಲೆಂಡಿನ ಸಿರಿವಂತರನ್ನು. ಇವತ್ತಿನ ಒಣ ಕಾಳು ಬಂದದ್ದು 1950ರ ದಶಕದಲ್ಲಿ. ಹಿಟ್ಟು, ಮಾಂಸದ ಪುಡಿ, ಜೀವಸತ್ವಗಳನ್ನು ಹಬೆಯೊಂದಿಗೆ ಕಲಸಿ, ಒತ್ತಡದಲ್ಲಿ ಅಚ್ಚಿನ ತೂತುಗಳ ಮೂಲಕ ನೂಕಿದರೆ ಹಿಟ್ಟಿನ ಪಿಷ್ಟ ಬೆಂದು ಉಬ್ಬುತ್ತದೆ. ಆಮೇಲೆ ನೀರಿನಂಶ ಶೇ. 10ಕ್ಕೆ ಇಳಿಯುವ ತನಕ ಒಣಗಿಸುತ್ತಾರೆ. ಆ ಕಾಳು ಪುಡಿಯಾಗದೆ ನಿಲ್ಲಲು ಪಿಷ್ಟವೇ ಆಧಾರ. ಅಕ್ಕಿ, ಜೋಳ, ಗೋಧಿ ಬೇಡವೆಂದರೆ ಅದರ ಜಾಗಕ್ಕೆ ಬಟಾಣಿಯೋ ಆಲೂಗೆಡ್ಡೆಯೋ ಬರುತ್ತದೆ. ‘ಧಾನ್ಯವಿಲ್ಲ’ ಎಂದು ಬರೆದ ಚೀಲದಲ್ಲೂ ಪಿಷ್ಟ ಇದ್ದೇ ಇದೆ.

ಅದು ಇರುವುದು ತಪ್ಪೂ ಅಲ್ಲ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಪಿಷ್ಟ ಅರಗಿಸುವ ಕಿಣ್ವದ ಜೀನಿಗೆ ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಕಂಡವು. ಮನುಷ್ಯನ ಹಿತ್ತಿಲಲ್ಲಿ ಬೆಳೆದ ಪ್ರಾಣಿ ಮನುಷ್ಯನ ಊಟಕ್ಕೆ ಒಗ್ಗಿಕೊಂಡಿದೆ. ಜೋಳದ ರೊಟ್ಟಿ, ಹಾಲು ತಿಂದು ಓಡುವ ಮುಧೋಳ ನಾಯಿಯನ್ನು ಕಂಡವರಿಗೆ ಇದಕ್ಕೆ ಜೀನಿನ ಸಾಕ್ಷಿಯೇನೂ ಬೇಕಿಲ್ಲ. ಮಾಂಸ ಮುಟ್ಟದ ಮನೆಯವರಿಗೂ ಇದು ಸಮಾಧಾನದ ಸುದ್ದಿ. ಬೆಕ್ಕಿನ ಹಾಗಲ್ಲದೆ, ಸರಿಯಾಗಿ ಸೂತ್ರೀಕರಿಸಿದ ಸಸ್ಯಾಹಾರದ ಮೇಲೆ ನಾಯಿ ಬದುಕಬಲ್ಲದು. ಬರೀ ಮೊಸರನ್ನ ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ.

ಧಾನ್ಯವಿಲ್ಲದ ಊಟದ ಬೆನ್ನಿಗೆ ಒಂದು ಅನುಮಾನವೂ ಇದೆ. ಬಟಾಣಿ, ಬೇಳೆಗಳು ಹೆಚ್ಚಿರುವ ಇಂಥ ಆಹಾರ ತಿನ್ನುವ ನಾಯಿಗಳಲ್ಲಿ ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುವ ಕಾಯಿಲೆ ಕಾಣುತ್ತಿದೆಯೇ ಎಂದು ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜುಲೈನಲ್ಲಿ ತನಿಖೆ ಶುರುಮಾಡಿತು. ಕಾರಣ–ಪರಿಣಾಮದ ಸಂಬಂಧ ಇನ್ನೂ ಸಾಬೀತಾಗಿಲ್ಲ. ಆದರೆ ಆರೋಗ್ಯವಂತ ನಾಯಿಗೆ ಧಾನ್ಯ ಬಿಡಿಸುವುದರಿಂದ ಲಾಭವೆಂದು ತೋರಿಸಿದವರೂ ಇಲ್ಲ. ಅಲರ್ಜಿಯ ನೆಪವೂ ಗಟ್ಟಿಯಿಲ್ಲ: ನಾಯಿಗಳ ಆಹಾರದ ಅಲರ್ಜಿಯಲ್ಲಿ ಗೋಧಿಗಿಂತ ಮೊದಲು ಬರುವ ಹೆಸರುಗಳು ದನದ ಮಾಂಸ, ಹಾಲು, ಕೋಳಿ. ಹೆಚ್ಚಿನ ಬೆಲೆ ತೆತ್ತು ಅನುಮಾನ ಕೊಳ್ಳಲು ನಾನಂತೂ ಯಾರಿಗೂ ಹೇಳಲಾರೆ.

ಇನ್ನು ಎಲ್ಲರೂ ಮೊದಲು ಹುಡುಕುವ ಅಂಕಿ, ಪ್ರೊಟೀನ್. ಚೀಲದಲ್ಲಿ ‘ಕ್ರೂಡ್ ಪ್ರೊಟೀನ್ ಕನಿಷ್ಠ ಶೇ. 24’ ಎಂದಿರುತ್ತದೆ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಪ್ರೊಟೀನನ್ನಲ್ಲ, ಸಾರಜನಕವನ್ನು. ಸಿಕ್ಕ ಅಂಕಿಯನ್ನು 6.25ರಿಂದ ಗುಣಿಸಿ ‘ಇಷ್ಟು ಪ್ರೊಟೀನ್’ ಎಂದು ಬರೆಯುತ್ತಾರೆ. ಕೋಳಿ ಎದೆಯ ಮಾಂಸದಲ್ಲೂ ಸಾರಜನಕವಿದೆ, ಪುಕ್ಕದಲ್ಲೂ ಇದೆ, ಹಳೇ ಚಪ್ಪಲಿಯ ಚರ್ಮದಲ್ಲೂ ಇದೆ. ನಾಯಿಯ ಕರುಳು ಅದರಲ್ಲಿ ಎಷ್ಟನ್ನು ಅರಗಿಸೀತು ಎಂಬ ಮುಖ್ಯ ಪ್ರಶ್ನೆಗೆ ಈ ಅಂಕಿಯಲ್ಲಿ ಉತ್ತರವಿಲ್ಲ.

ಈ ಲೆಕ್ಕದ ಸಂದು ಎಷ್ಟು ಅಪಾಯದ್ದೆಂದು 2007ರಲ್ಲಿ ಜಗತ್ತಿಗೆ ಗೊತ್ತಾಯಿತು. ಉತ್ತರ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಆ ವರ್ಷದ ಮಾರ್ಚಿನಲ್ಲಿ ಕೆನಡಾದ ಮೆನು ಫುಡ್ಸ್ ಕಂಪನಿ ಹತ್ತಾರು ಬ್ರ್ಯಾಂಡುಗಳ ಹೆಸರಿನಲ್ಲಿ ತಾನು ತಯಾರಿಸಿದ್ದ ಕೋಟಿಗಟ್ಟಲೆ ಡಬ್ಬಿ, ಪೌಚುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಚೀನಾದಿಂದ ಬಂದ ಗೋಧಿಯ ಗ್ಲೂಟೆನ್ನಿಗೆ ಮೆಲಮೈನ್ ಬೆರೆಸಿದ್ದರು. ಮೆಲಮೈನ್ ಎಂದರೆ ಪ್ಲಾಸ್ಟಿಕ್ ತಟ್ಟೆ ಮಾಡುವ ಉದ್ಯಮದ ರಾಸಾಯನಿಕ. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ. 6.25ರಿಂದ ಗುಣಿಸಿ ನೋಡಿ: ಒಂದು ಗ್ರಾಂ ಮೆಲಮೈನ್ ಹಾಕಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗೂ ಹೆಚ್ಚು ‘ಪ್ರೊಟೀನ್’ ಕಾಣುತ್ತದೆ. ಜೊತೆಗಿದ್ದ ಸಯನ್ಯೂರಿಕ್ ಆಮ್ಲದೊಂದಿಗೆ ಸೇರಿ ಅದು ಮೂತ್ರಪಿಂಡದಲ್ಲಿ ಹರಳುಗಟ್ಟಿತು. ಮರುವರ್ಷ ಇದೇ ಮೋಸ ಚೀನಾದ ಹಾಲಿನ ಪುಡಿಯಲ್ಲಿ ಬಯಲಾದಾಗ ಬಲಿಯಾದವು ಹಸುಗೂಸುಗಳು.

ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಆಫ್ಕೋದ ಪ್ರಕಾರ, ನೀರಿನಂಶ ತೆಗೆದ ಲೆಕ್ಕದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇ. 18, ಬೆಳೆಯುವ ಮರಿಗೂ ಗಬ್ಬದ ನಾಯಿಗೂ ಶೇ. 22.5 ಪ್ರೊಟೀನ್ ಬೇಕು. ಈ ಗೆರೆ ದಾಟಿದ ಮೇಲೆ 24ಕ್ಕಿಂತ 28 ಮೇಲು ಎಂಬ ತೀರ್ಮಾನಕ್ಕೆ ಅರ್ಥವಿಲ್ಲ. ನೀರಿನ ಮಾತು ಬಂದದ್ದರಿಂದ ಇನ್ನೊಂದು ಲೆಕ್ಕ. ಗ್ರೇವಿ ಪೌಚಿನಲ್ಲಿ ಶೇ. 8 ಪ್ರೊಟೀನ್ ಎಂದು ನೋಡಿ ಮೂಗು ಮುರಿಯಬೇಡಿ. ಅದರಲ್ಲಿ ಶೇ. 78 ನೀರಿದ್ದರೆ ಉಳಿದ 22 ಪಾಲಿನಲ್ಲಿ 8, ಅಂದರೆ ಶೇ. 36. ಶೇ. 10 ನೀರಿರುವ ಒಣ ಕಾಳಿನ 24 ಇದೇ ಲೆಕ್ಕದಲ್ಲಿ 27ರ ಹತ್ತಿರ ನಿಲ್ಲುತ್ತದೆ.

ಪಟ್ಟಿಯಲ್ಲಿ ‘ಕೋಳಿ’ ಮೊದಲು ಬಂದರೆ ಖುಷಿಪಡುವವರಿಗೂ ಇದೇ ನೀರಿನ ಎಚ್ಚರಿಕೆ: ಪದಾರ್ಥಗಳ ಕ್ರಮ ನಿಗದಿಯಾಗುವುದು ಬೇಯಿಸುವ ಮೊದಲಿನ ತೂಕದಿಂದ, ಹಸಿ ಕೋಳಿಯಲ್ಲಿ ಮುಕ್ಕಾಲಿಗೆ ಹತ್ತಿರ ನೀರು. ‘ಬೈ–ಪ್ರಾಡಕ್ಟ್’ ಎಂದು ಕಂಡರೆ ಹೇಸಬೇಕಾಗಿಯೂ ಇಲ್ಲ. ಲಿವರ್, ಬೋಟಿ ಅದರಲ್ಲೇ ಬರುತ್ತವೆ; ಭಾನುವಾರ ಅದಕ್ಕಾಗಿಯೇ ಮಾಂಸದಂಗಡಿಯಲ್ಲಿ ಸಾಲು ನಿಲ್ಲುವ ಊರು ನಮ್ಮದು.

ಹಾಗಾದರೆ ಚೀಲದಲ್ಲಿ ಓದಬೇಕಾದದ್ದೇನು? ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾದ ಒಂದು ವಾಕ್ಯ: ಈ ಆಹಾರ ಆಫ್ಕೋದ ಅಥವಾ ಯುರೋಪಿನ ಸಾಕುಪ್ರಾಣಿ ಆಹಾರ ತಯಾರಕರ ಒಕ್ಕೂಟ ಫೆಡಿಯಾಫ್‌ನ ಪೋಷಕಾಂಶ ಮಟ್ಟಕ್ಕೆ ಹೊಂದುತ್ತದೆ, ಇಂಥ ವಯಸ್ಸಿಗೆ ಇದು ಸಂಪೂರ್ಣ ಮತ್ತು ಸಮತೋಲಿತ. ನಮ್ಮ ಭಾರತೀಯ ಮಾನಕ ಬ್ಯೂರೋ ಬಿಐಎಸ್‌ನಲ್ಲೂ ಸಾಕುಪ್ರಾಣಿ ಆಹಾರಕ್ಕೆ ಐಎಸ್ 11968 ಎಂಬ ಮಾನಕವಿದೆ. ಆ ವಾಕ್ಯವೇ ಇಲ್ಲದಿದ್ದರೆ, ಅಥವಾ ‘ಪೂರಕ ಆಹಾರ’ ಎಂದಿದ್ದರೆ, ಅದು ತಿಂಡಿ; ಅದನ್ನೇ ದಿನದ ಊಟವಾಗಿಸಬೇಡಿ. ಆಫ್ಕೋ ಯಾವ ಆಹಾರವನ್ನೂ ಪರೀಕ್ಷಿಸುವುದಿಲ್ಲ, ಮುದ್ರೆ ಒತ್ತುವುದಿಲ್ಲ. ‘ಆಫ್ಕೋ ಅಪ್ರೂವ್ಡ್’ ಎಂದು ಯಾರಾದರೂ ಬರೆದಿದ್ದರೆ ಅವರಿಗೆ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಿದೆ. ನಾಯಿಗಳಿಗೆ ತಿನ್ನಿಸಿಯೇ ಪರೀಕ್ಷಿಸಿದ್ದೇವೆ ಎಂಬ ಮಾತು ಇನ್ನೂ ಒಳ್ಳೆಯದು, ಆದರೆ ಬೆಳೆದ ನಾಯಿಗಳ ಆ ಪರೀಕ್ಷೆಗೆ ಎಂಟು ನಾಯಿ, 26 ವಾರ ಸಾಕು ಎಂಬುದು ನೆನಪಿರಲಿ. ಕಂಪನಿಯಲ್ಲಿ ಪೋಷಣಾ ವಿಜ್ಞಾನ ಓದಿದವರಿದ್ದಾರೆಯೇ, ಕಾರ್ಖಾನೆ ಸ್ವಂತದ್ದೇ ಎಂದು ಗ್ರಾಹಕರ ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಬರುವ ಉತ್ತರಕ್ಕಿಂತ ಕೆಲವೊಮ್ಮೆ ಉತ್ತರಿಸುವ ತಡವರಿಕೆಯೇ ಹೆಚ್ಚು ತಿಳಿಸುತ್ತದೆ.

ವಯಸ್ಸಿನ ಆ ಒಂದು ಮಾತು ಎಲ್ಲಕ್ಕಿಂತ ಮುಖ್ಯವಾಗುವುದು ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ದೊಡ್ಡ ಜಾತಿಯ ಮರಿಗಳಲ್ಲಿ. ಮರಿ ಬಂದ ವಾರದಲ್ಲೇ ಕ್ಯಾಲ್ಸಿಯಂ ಟಾನಿಕ್ ಬಾಟಲಿಯೂ ಮನೆಗೆ ಬರುವುದು ನಮ್ಮಲ್ಲಿ ರೂಢಿ. ಅನ್ನ, ಮಾಂಸದ ಮೇಲೆಯೇ ಮರಿ ಬೆಳೆಯುತ್ತಿದ್ದ ಮನೆಗಳಲ್ಲಿ ಅದಕ್ಕೆ ಕಾರಣವಿತ್ತು. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ರಕ್ತದ ಕ್ಯಾಲ್ಸಿಯಂ ಕಾಯ್ದುಕೊಳ್ಳಲು ದೇಹ ಮೂಳೆಯನ್ನೇ ಕರಗಿಸುತ್ತದೆ. ಸಂಪೂರ್ಣ ಆಹಾರ ತಿನ್ನುವ ಮರಿಯ ಕಥೆ ತಿರುಗುಮುರುಗು. ಬೆಳೆದ ನಾಯಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ಬಹುಮಟ್ಟಿಗೆ ಹೊರಗೆ ಬಿಡುತ್ತದೆ; ಎಳೆಯ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ, ಕೊಟ್ಟಷ್ಟೂ ಹೆಚ್ಚು ಒಳಗೆ ಹೋಗುತ್ತದೆ. ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ತಿನ್ನಿಸಿ ನೋಡಿದಾಗ ಮೂಳೆ, ಕೀಲುಗಳ ಬೆಳವಣಿಗೆ ಅಡ್ಡಾದಿಡ್ಡಿಯಾಯಿತು. ಬೆಳೆದಾಗ 32 ಕಿಲೋ ಮುಟ್ಟುವ ನಾಯಿಗಳ ಮರಿ ಆಹಾರದಲ್ಲಿ ಕ್ಯಾಲ್ಸಿಯಂ ನೀರಿನಂಶ ತೆಗೆದ ಲೆಕ್ಕದಲ್ಲಿ ಶೇ. 1.8 ಮೀರಬಾರದೆಂಬ ಆಫ್ಕೋದ ಮಿತಿ ಇರುವುದು ಇದಕ್ಕೇ. ಚೀಲದಲ್ಲಿ ‘ದೊಡ್ಡ ಜಾತಿಯ ಮರಿಗಳಿಗೂ ಸೂಕ್ತ’ ಎಂದಿದೆಯೇ ನೋಡಿ. ಇದ್ದರೆ, ಟಾನಿಕ್ ಬೇಕೇ ಎಂದು ಡಾಕ್ಟರನ್ನು ಕೇಳದೆ ಬಾಟಲಿ ತೆರೆಯಬೇಡಿ.

ಇಷ್ಟೆಲ್ಲ ನೋಡಿ ತಂದ ಮೇಲೆ, ಎಷ್ಟು ಹಾಕುತ್ತೀರಿ ಎಂಬುದು ಯಾವುದನ್ನು ತಂದಿರಿ ಎಂಬುದಕ್ಕಿಂತ ದೊಡ್ಡ ವಿಷಯ. ಅಮೆರಿಕದಲ್ಲಿ ಪ್ಯೂರಿನಾ ಕಂಪನಿಯವರು 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ ಬದುಕಿನುದ್ದಕ್ಕೂ ಗಮನಿಸಿದರು. ಜೋಡಿಯಲ್ಲಿ ಇಬ್ಬರಿಗೂ ಒಂದೇ ಆಹಾರ. ಒಬ್ಬನಿಗೆ ಮಾತ್ರ ಇನ್ನೊಬ್ಬನಿಗಿಂತ ಕಾಲು ಭಾಗ ಕಡಿಮೆ. ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯುಸ್ಸು 11.2 ವರ್ಷ, ಕಡಿಮೆ ತಿಂದವರದ್ದು 13. ಕೀಲುನೋವೂ ತಡವಾಗಿ ಬಂತು. ಲ್ಯಾಬ್‌ಗಳಿಗೆ ಈ ಶಿಸ್ತು ಹೇರುವುದು ಸುಲಭವಲ್ಲ. ಸುಮಾರು ಕಾಲು ಭಾಗ ಲ್ಯಾಬ್ರಡಾರ್‌ಗಳಲ್ಲಿ ಹಸಿವು ತಣಿಸುವ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇಲ್ಲವೆಂದು 2016ರಲ್ಲಿ ಕೇಂಬ್ರಿಜ್ ಸಂಶೋಧಕರು ತೋರಿಸಿದರು. ತಟ್ಟೆ ನೆಕ್ಕಿ ನಿಮ್ಮ ಮುಖ ನೋಡುವ ಲ್ಯಾಬ್ ನಿಜಕ್ಕೂ ಹಸಿದಿರಬಹುದು, ಊಟ ಸಾಕಾಗಿಯೂ ಇರಬಹುದು.

ನಮ್ಮಲ್ಲಿ ಎಷ್ಟೋ ಚೀಲಗಳ ಮೇಲೆ ಕ್ಯಾಲೊರಿ ಬರೆದಿರುವುದಿಲ್ಲ. ನೀವೇ ಲೆಕ್ಕ ಹಾಕಬಹುದು. ನೂರರಿಂದ ಪ್ರೊಟೀನ್, ಕೊಬ್ಬು, ನಾರು, ನೀರು, ಬೂದಿ ಕಳೆದರೆ ಉಳಿಯುವುದು ಪಿಷ್ಟದ ಪಾಲು. ಬೂದಿ ನಮೂದಿಸಿಲ್ಲದಿದ್ದರೆ 8 ಎಂದಿಟ್ಟುಕೊಳ್ಳಿ. ಪ್ರೊಟೀನ್, ಪಿಷ್ಟಗಳನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿ. ಪ್ರೊಟೀನ್ 24, ಕೊಬ್ಬು 10, ನಾರು 5, ನೀರು 10 ಇರುವ ಕಾಳಿನಲ್ಲಿ 100 ಗ್ರಾಂಗೆ ಸುಮಾರು 320 ಕಿಲೋಕ್ಯಾಲೊರಿ. ಸಂತಾನಹರಣ ಮಾಡಿಸಿದ ಹತ್ತು ಕಿಲೋ ನಾಯಿಗೆ ದಿನಕ್ಕೆ ಬೇಕಾದದ್ದು 630ರ ಆಸುಪಾಸು, ಅಂದರೆ 200 ಗ್ರಾಂ. ಇದೇ ನಾಯಿಗೆ 400 ಕಿಲೋಕ್ಯಾಲೊರಿಯ ಕಾಳು 160 ಗ್ರಾಂ ಸಾಕು. ಕಿಲೋಗೆ 400 ರೂಪಾಯಿಯ ಮೊದಲನೆಯದೂ 500 ರೂಪಾಯಿಯ ಎರಡನೆಯದೂ ದಿನಕ್ಕೆ 80 ರೂಪಾಯಿಗೇ ಬರುತ್ತವೆ. ಆಮೇಲಿನ ತಕ್ಕಡಿ ನಾಯಿಯ ಮೈ. ಪಕ್ಕೆಲುಬು ಸುಲಭವಾಗಿ ಕೈಗೆ ಸಿಗಬೇಕು. ಒತ್ತಿ ಹುಡುಕಬೇಕಾಗಿ ಬಂದರೆ ಹತ್ತರಲ್ಲೊಂದು ಪಾಲು ಕಡಿಮೆ ಮಾಡಿ ಎರಡು ವಾರ ನೋಡಿ.

ಪೆಟ್ ಶಾಪಿನಲ್ಲಿ ತೆರೆದ ಮೂಟೆಯಿಂದ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಕಾಳು ಅಗ್ಗವೆನಿಸಿದರೂ ಬೇಡ. ಮೇಲೆ ಸಿಂಪಡಿಸಿದ ಕೊಬ್ಬು ಗಾಳಿಗೆ ಕಮಟುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವ ಕುಡಿದರೆ ಬೂಷ್ಟೂ ಬರುತ್ತದೆ. 2005ರ ಕೊನೆಯಲ್ಲಿ ಅಮೆರಿಕದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಟಾಕ್ಸಿನ್ ವಿಷ ಕಾಳಿಗೆ ಸೇರಿ ನಾಯಿಗಳು ಸತ್ತವು. ಕಾರ್ಖಾನೆಯ ಬಿಸಿಗೂ ಆ ವಿಷ ಪೂರ್ತಿ ನಾಶವಾಗುವುದಿಲ್ಲ. ತಿಂಗಳು, ಒಂದೂವರೆ ತಿಂಗಳಲ್ಲಿ ಮುಗಿಯುವಷ್ಟು ಚೀಲ ತನ್ನಿ. ಡಬ್ಬಿಗೆ ಸುರಿಯುವ ಬದಲು ಚೀಲದ ಬಾಯಿ ಮಡಚಿ ಚೀಲ ಸಮೇತ ಡಬ್ಬಿಯಲ್ಲಿಡಿ. ಹಳೇ ಜಿಡ್ಡು ಹೊಸ ಕಾಳಿಗೆ ಹತ್ತುವುದಿಲ್ಲ. ನಾಯಿ ವಾಂತಿ ಮಾಡಿ ಮಂಕಾದ ದಿನ ಡಾಕ್ಟರು ಕೇಳುವ ಬ್ಯಾಚ್ ನಂಬರೂ ಕೈಗೆ ಸಿಗುತ್ತದೆ.