ಮಹಡಿ ಕೋಣೆಯಲ್ಲೊಂದು ಎಡಕುಮೇರಿ

"ತಲೆ ಜೋಪಾನ, ಬಗ್ಗಿ ಬನ್ನಿ" ಎಂದರು ಮೇಷ್ಟ್ರು. ಹಾಸನದ ಅವರ ಮನೆಯ ಮಹಡಿ ಕೋಣೆಗೆ ಬಾಗಿಲಿದ್ದರೂ ನೇರ ದಾರಿಯಿಲ್ಲ. ಎದೆಮಟ್ಟದಲ್ಲಿ ಒಂದು ಹಲಗೆ ಅಡ್ಡ ಹಾದಿದೆ, ಅದರ ಮೇಲೆ ಹಳಿ. ಅಡಿಯಿಂದ ನುಸುಳಿ ಬೆನ್ನು ನೆಟ್ಟಗೆ ಮಾಡಿದಾಗ ಸುತ್ತ ನಾಲ್ಕೂ ಕಡೆ ಸಕಲೇಶಪುರದ ಘಟ್ಟ. ಹಲಗೆಯನ್ನು ಮೇಜಿನಷ್ಟು ತಗ್ಗಿನಲ್ಲಿಟ್ಟಿದ್ದರೆ ಗಾಡಿಯ ನೆತ್ತಿ ಮಾತ್ರ ಕಾಣುತ್ತಿತ್ತು. ಈ ಎತ್ತರಕ್ಕೆ, ಎದುರು ಗುಡ್ಡದಲ್ಲಿ ನಿಂತು ನೋಡಿದ ಹಾಗೆ ಕಾಣುತ್ತದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲುದಾರಿ ಸುಮಾರು 55 ಕಿ.ಮೀ., 57 ಸುರಂಗ, 109 ಸೇತುವೆ. ಅದರ ಮಾದರಿಗೆ ಮೇಷ್ಟ್ರು ಹಿಡಿದಿರುವುದು ಎನ್ ಸ್ಕೇಲ್, ಅಂದರೆ ನಿಜದ 160ರಲ್ಲಿ ಒಂದು ಪಾಲು. ಒಂದು ಬೋಗಿ 13 ಸೆಂ.ಮೀ. ಉದ್ದ. ಅಷ್ಟು ಕುಗ್ಗಿಸಿದರೂ ಘಟ್ಟದ ದಾರಿ 340 ಮೀಟರ್ ದಾಟುತ್ತದೆ. ಕೋಣೆಯೋ 10 ಅಡಿಗೆ 12 ಅಡಿ. ಹಾಗಾಗಿ ಬಿಡುವುದೇ ಮೊದಲ ಕೆಲಸ. ಉಳಿದದ್ದು ಎಡಕುಮೇರಿ ನಿಲ್ದಾಣ, ನಾಲ್ಕು ಸುರಂಗ, ಎರಡು ಸೇತುವೆ.

ಇಳಿಜಾರನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ. ನಿಜದ ಘಟ್ಟದಲ್ಲಿ 50 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಇಲ್ಲೂ ಅದೇ. ಗೋಡೆಗುಂಟ ಹಳಿ ಸುಮಾರು 10 ಮೀಟರ್. ನಿಲ್ದಾಣದ 2 ಮೀಟರ್ ಸಮತಟ್ಟು ಕಳೆದರೆ 8 ಮೀಟರಿಗೆ 16 ಸೆಂ.ಮೀ. ಏರುತ್ತದೆ. ಏರಿದ ಗಾಡಿ ಇಳಿಯಬೇಕಲ್ಲ? ಮೂಲೆಯ ಬೆಟ್ಟದೊಳಗೆ 38 ಸೆಂ.ಮೀ. ತ್ರಿಜ್ಯದ ಸುರುಳಿ ಹಳಿಯಿದೆ. ಒಂದು ಸುತ್ತಿಗೆ 5 ಸೆಂ.ಮೀ.ಗೆ ತುಸು ಕಡಿಮೆ ಇಳಿದು, ಮೂರು ಸುತ್ತು ದಾಟಿ ಗಾಡಿ ಮತ್ತೆ ಕೆಳಗೆ ಬರುತ್ತದೆ. ಹಳಿಯಡಿಯ ಪ್ಲೈವುಡ್ ತೆಳುವಾಗಿರದಿದ್ದರೆ ಮೇಲಿನ ಸುತ್ತು ಕೆಳಗಿನ ಎಂಜಿನ್ನಿನ ತಲೆಗೆ ತಾಗುತ್ತಿತ್ತು. ನನಗೆ ಈ ಕೋಣೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಯಾರ ಕಣ್ಣಿಗೂ ಬೀಳದ ಆ ಸುರುಳಿ.

ಬೆಟ್ಟವೆಂದರೆ ಥರ್ಮಾಕೋಲ್ ಪದರ, ಮೇಲೆ ಪ್ಲಾಸ್ಟರ್, ಬಣ್ಣ ಹಾಕಿದ ಗರಗಸದ ಹೊಟ್ಟು. ಹಳಿಯ ಜಲ್ಲಿ ಜರಡಿ ಹಿಡಿದ ಕಲ್ಲುಪುಡಿ. ನೀರಾದ ಅಂಟಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ತೊಟ್ಟಿಕ್ಕಿದರೆ ಅಂಟು ಉಂಡೆಗಟ್ಟದೆ ಕಲ್ಲಿನ ಸಂದಿಗೆ ಇಳಿಯುತ್ತದಂತೆ.

ಮೊದಲು ಕಟ್ಟಿದ ಸುರಂಗಕ್ಕೆ ಕೈ ಹಾಕಲು ಜಾಗ ಬಿಟ್ಟಿರಲಿಲ್ಲ. ಒಳಗೆ ಗಾಡಿ ಹಳಿ ತಪ್ಪಿತು. ತಿಂಗಳುಗಟ್ಟಲೆ ಕಟ್ಟಿದ ಬೆಟ್ಟವನ್ನು ಅಡುಗೆಮನೆಯ ಚಾಕುವಿನಿಂದ ಕುಯ್ಯಬೇಕಾಯಿತು. "ಆವತ್ತು ಊಟ ಸೇರಲಿಲ್ಲ ಕಣ್ರೀ" ಎನ್ನುವಾಗ ಮೇಷ್ಟ್ರ ದನಿ ಈಗಲೂ ತಗ್ಗುತ್ತದೆ. ಈಗ ಪ್ರತಿ ಸುರಂಗದ ಹಿಂದೆ ಅಂಗೈ ತೂರುವಷ್ಟು ಕಿಂಡಿ ಇದೆ. ಸುರುಳಿಯ ಮೂಲೆ ಬಿಟ್ಟರೆ ಹಲಗೆ ಎಲ್ಲೂ 60 ಸೆಂ.ಮೀ.ಗಿಂತ ಅಗಲವಿಲ್ಲದ್ದಕ್ಕೂ ಕಾರಣ ಕೈಯಳತೆಯೇ.

ಅವರನ್ನು ಕಾಡುವ ಕೊರತೆ ಒಂದು ಉಳಿದಿದೆ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ.; ಲೆಕ್ಕಕ್ಕೆ ಹತ್ತೂವರೆ ಮಿ.ಮೀ. ಹಳಿ ಬೇಕು. ಎನ್ ಸ್ಕೇಲಿಗೆಂದು ಅಂಗಡಿಯಲ್ಲಿ ಸಿಗುವುದು 9 ಮಿ.ಮೀ. "ಮೀಟರ್ ಗೇಜ್ ಮಾಡಿದ್ರೆ?" ಎಂದೆ. "ಅದು ಆರೂಕಾಲಕ್ಕೆ ಬರತ್ತೆ, ಅದಕ್ಕೂ ಸರಿಹೋಗಲ್ಲ" ಎಂದು ನಕ್ಕರು. 1979ರಲ್ಲಿ ಶುರುವಾದ ಮೀಟರ್ ಗೇಜಿನಲ್ಲಿ ಓಡಾಡಿದವರು ಅವರು. 1996ರಲ್ಲಿ ಅದು ನಿಂತ ಮೇಲೆ ಈ ದಾರಿಯಲ್ಲೇ ಚಾರಣ ಹೋಗಿ, ಸೇತುವೆಗಳನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಬಂದಿದ್ದರು. ಆ ನೋಟ್‌ಬುಕ್ಕೇ ಈ ಕೋಣೆಯ ನಕ್ಷೆ.

ದೀಪ ಆರಿಸಿದರು. ಗುಂಡಿ ತಿರುಗಿಸಿದಂತೆ ಗೂಡ್ಸ್ ಗಾಡಿ ಹೊರಟಿತು. ಮುಂದೊಂದು ಎಂಜಿನ್, ಹಿಂದಿನಿಂದ ತಳ್ಳಲು ಇನ್ನೊಂದು. ಸೇತುವೆ ದಾಟಿ ಸುರಂಗ ಹೊಕ್ಕಿತು. ಬರಿಯ ಗುಯ್ ಶಬ್ದ. ಇಬ್ಬರೂ ಮಾತಿಲ್ಲದೆ ಇನ್ನೊಂದು ಬಾಯಿಯತ್ತ ನೋಡುತ್ತಾ ನಿಂತೆವು. ಮೇಷ್ಟ್ರ ಕೈ ಆಗಲೇ ಕಿಂಡಿಯ ಹತ್ತಿರವಿತ್ತು.